ಮ್ಯಾಡ್ರಿಡ್‌ನಿಂದ ಒಂದೂಕಾಲು ಗಂಟೆ

ಮ್ಯಾಡ್ರಿಡ್‌ನಿಂದ ಲಿಸ್ಬನ್ನಿಗೆ ಐನೂರು ಕಿಲೋಮೀಟರು. ಸಣ್ಣ ವಿಮಾನಕ್ಕೆ ಒಂದೂಕಾಲು ಗಂಟೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅಡೆರಿಟು ಇದನ್ನು ತಪ್ಪದೆ ಹೇಳುತ್ತಿದ್ದ. ಲಿಸ್ಬನ್ನಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ಅವನ ಕೆಲಸವೇ ಅದು: ಸತ್ತವರ ಹೃದಯವನ್ನು ಬದುಕಬೇಕಾದವರ ಬಳಿಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದು.

ಅವನು ಹುಟ್ಟಿದ್ದು ಗಡಿಯ ಹೊಳೆಯ ದಂಡೆಯಲ್ಲಿ. ಈಚೆ ದಡ ಲಿಸ್ಬನ್ನಿನ ದೇಶ, ಆಚೆ ದಡ ಸ್ಪೇನ್. ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಅವನ ಅಮ್ಮ ದೋಣಿಯಲ್ಲಿ ಹೋಗಿ ಅಲ್ಲಿ ಮೀನು ಮಾರುತ್ತಿದ್ದಳು. ಊರಲ್ಲಿ ಯಾರು ಹೊತ್ತು ಹೇಳಿದರೂ "ನಮ್ದಾ, ಅವರ್ದಾ?" ಎಂದು ಕೇಳುವುದು ರೂಢಿ. ಸ್ಪೇನಿನವರು ಬಾಯಿ ಬಿಟ್ಟರೆ ಸಾಕು, ಅಡೆರಿಟುವಿನ ತಲೆ ತಾನಾಗಿ ಒಂದು ಗಂಟೆ ಕಳೆದುಬಿಡುತ್ತಿತ್ತು. ಬೇರೆಯವರು ಕಾಗದದ ಮೇಲೆ ಬರೆದು ಲೆಕ್ಕ ಹಾಕುವುದನ್ನು ಕಂಡರೆ ಅವನಿಗೆ ನಗು. ಆ ಜಂಬ ಒಳ್ಳೆಯದಾಗಿರಲಿಲ್ಲ.

ಅಂದು ಬೆಳಿಗ್ಗೆ ಮ್ಯಾಡ್ರಿಡ್ ಆಸ್ಪತ್ರೆಯ ರೆಮೆಡಿಯೋಸ್ ಫೋನು ಮಾಡಿದಳು. ಲಿಸ್ಬನ್ನಿನ ಬೇಕರಿಯಲ್ಲಿ ಬ್ರೆಡ್ಡು ಮಾಡುವ ಗ್ರಾಸಾ ಎಂಬ ಮೂವತ್ತೊಂದರ ಹೆಂಗಸಿಗೆ ಹೃದಯ ಸಿಕ್ಕಿತ್ತು. ನಾಲ್ಕು ತಿಂಗಳಿಂದ ಕಾಯುತ್ತಿದ್ದವಳು. ಇನ್ನೊಂದು ವಾರ ತಡೆಯುವ ಹಾಗಿರಲಿಲ್ಲ.

"ನಿಮಗೆ ಹತ್ತೂ ನಲವತ್ತು, ಸಾಹೇಬ್ರೇ. ಆಗ ಹೊರಡುತ್ತೆ."

"ಆಯ್ತಮ್ಮ. ನೀವು ಯಾವಾಗ್ಲೂ ಅವಸರದವ್ರು."

"ನೀವು ಯಾವಾಗ್ಲೂ ಒಂದು ಗಂಟೆ ಹಿಂದೆ!" ಎಂದು ಆಕೆ ನಕ್ಕಳು.

'ನಿಮಗೆ' ಎಂದರೆ 'ನಿಮ್ಮ ಗಡಿಯಾರದಲ್ಲಿ' ಎಂದಿದ್ದಳು ಪುಣ್ಯಾತ್ಗಿತ್ತಿ. ಇವನಿಗೆ ತೊಂದರೆಯಾಗದಿರಲೆಂದು ಆಗಲೇ ಒಂದು ಗಂಟೆ ಕಳೆದಿದ್ದಳು. ಅದು ಬರೀ 'ನಿಮಗಾಗಿ' ಎಂಬ ಉಪಚಾರದ ಮಾತೆಂದು ತಿಳಿದ ಅಡೆರಿಟು ಇನ್ನೊಂದು ಗಂಟೆ ಕಳೆದ. ಒಂಬತ್ತೂ ನಲವತ್ತು.

ವಿಮಾನ ಹೊರಟದ್ದನ್ನು ಖಚಿತ ಮಾಡಿಕೊಂಡೇ ಶಸ್ತ್ರಚಿಕಿತ್ಸೆಯ ಕೋಣೆಗೆ ಹೇಳಬೇಕು; ಹೃದಯ ಬಂದಿಳಿಯುವ ಹೊತ್ತಿಗೆ ಅವರು ಎದೆ ತೆರೆದು ಸಿದ್ಧವಾಗಿರುತ್ತಾರೆ. ಒಂಬತ್ತೂ ನಲವತ್ತಕ್ಕೆ ಮ್ಯಾಡ್ರಿಡ್ಡಿನ ಫೋನು ಸಿಗಲಿಲ್ಲ. ಗೊತ್ತಿರುವುದನ್ನೇ ಮತ್ತೆ ಕೇಳುವುದೇನೆಂದು ಅವನು "ಹೊರಟಿದೆ" ಎಂದುಬಿಟ್ಟ.

ಹತ್ತೂ ಐವತ್ತೈದಕ್ಕೆ ಆಂಬುಲೆನ್ಸಿನೊಂದಿಗೆ ವಿಮಾನ ನಿಲ್ದಾಣದಲ್ಲಿ ನಿಂತಿದ್ದ. ಆಕಾಶ ನಿಚ್ಚಳವಾಗಿತ್ತು. ಐದು ನಿಮಿಷ ಕಳೆಯಿತು. ಚಾಲಕ ಇಂಜಿನ್ ನಿಲ್ಲಿಸಿದ. ಅಡೆರಿಟು ಮತ್ತೆ ಮ್ಯಾಡ್ರಿಡ್ಡಿಗೆ ಫೋನು ಮಾಡಿದ.

ಈ ಸಲ ಫೋನು ಸಿಕ್ಕಿತು. "ವಿಮಾನ ಎಲ್ಲಿ?"

"ಈಗ ತಾನೇ ಹೊರಟಿದೆ, ಸಾಹೇಬ್ರೇ. ಇಪ್ಪತ್ತು ನಿಮಿಷ ಆಯ್ತು. ಹತ್ತೂ ನಲವತ್ತು ಅಂದಿದ್ದೆನಲ್ಲ?"

ಅಡೆರಿಟು ಕೂಡಲೇ ಶಸ್ತ್ರಚಿಕಿತ್ಸೆಯ ಕೋಣೆಗೆ ಫೋನು ಮಾಡಿದ. ಎತ್ತಿದ್ದು ನರ್ಸ್ ಸೆಲೆಸ್ಟ್.

"ಸೆಲೆಸ್ಟ್, ಶುರು ಮಾಡ್ಬೇಡಿ. ವಿಮಾನ ಬರೋಕೆ ಇನ್ನೂ ಒಂದು ಗಂಟೆ ಇದೆ. ನಂದೇ ತಪ್ಪು."

"ಎದೆ ತೆರೆದಾಯ್ತು, ಅಡೆರಿಟು. ಹೃದಯದ ಕೆಲಸ ಮಾಡೋ ಯಂತ್ರಕ್ಕೆ ಹಾಕಿದೀವಿ. ರಕ್ತ ನಿಲ್ತಾ ಇಲ್ಲ." ಆಕೆ ದನಿ ತಗ್ಗಿಸಿದಳು. "ಹೊರಗೆ ಅವಳ ಗಂಡ ಇದಾನೆ. ನಿಮ್ಮ ಮಾತು ನಂಬಿ, ಹೃದಯ ಬಂದಿಳೀತು ಅಂತ ನಾನೇ ಈಗ ಹೇಳಿ ಬಂದೆ. ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಟ."