ಮೂರರ ಜೋಡಿ

ವರ್ಷವಿಡೀ ಇಸ್ಪೀಟು ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ ಅಪ್ಪ, ಯುಗಾದಿಯ ಮಾರನೆಯ ದಿನ ಮಾತ್ರ ಕಡೂರಿನ ನಮ್ಮ ಮನೆಯ ಪಡಸಾಲೆಗೆ ತಾವೇ ಜಮಖಾನ ಹಾಸುತ್ತಿದ್ದರು. ದುಡ್ಡು ಕಟ್ಟುವಂತಿಲ್ಲ, ಹುಣಸೆಬೀಜವೇ ಪಣ. ಕೊನೆಯ ಆಟ ಗೆದ್ದವನಿಗೆ ಆ ವರ್ಷ ಹಿಡಿದ ಕೆಲಸ ಕೈಗೂಡುತ್ತದೆ, ಅದರಲ್ಲಿ ಸೋತವನು ಹೊಸದಕ್ಕೆ ಕೈ ಹಾಕಬಾರದು ಎಂಬುದು ನಮ್ಮ ಮನೆಯ ನಂಬಿಕೆ. ನನಗೆ ಅದೆಲ್ಲ ತಮಾಷೆ. ಅಣ್ಣನಿಗೆ ಹಾಗಲ್ಲ. ಬೀರೂರಿಗೆ ಹೊರಟಾಗ ಹಲ್ಲಿ ಲೊಚಗುಟ್ಟಿದರೆ ಚಪ್ಪಲಿ ಬಿಟ್ಟು ಒಳಗೆ ಬರುವ ಪ್ರಾಣಿ ಅವನು.

ಐವತ್ತರ ದಶಕದ ಒಂದು ಯುಗಾದಿಗೆ ಮುಂಚೆ ಅವನು ತರೀಕೆರೆಯಲ್ಲಿ ಹೆಣ್ಣು ನೋಡಿ ಬಂದಿದ್ದ. ಮೆಚ್ಚಿದ್ದು ಮುಖದಲ್ಲೇ ಗೊತ್ತಾಗುತ್ತಿತ್ತು, ಹೂಂ ಅನ್ನಲು ಮಾತ್ರ ಧೈರ್ಯವಿಲ್ಲ. ಆಟದ ದಿನ ಬೆಳಿಗ್ಗೆ ನನ್ನನ್ನು ಬಚ್ಚಲ ಹತ್ತಿರ ಕರೆದು, "ಲೇ, ಕೊನೇ ಆಟ ನಂದಾದ್ರೆ ಅಪ್ಪಂಗೆ ಒಪ್ಗೆ ಅಂತ ಹೇಳ್ಬಿಡ್ತೀನಿ ಕಣೋ. ಸೋತ್ರೆ ಈ ವರ್ಷ ಬೇಡ," ಅಂದ. ನಾನು ನಕ್ಕುಬಿಟ್ಟೆ.

ನಾವು ಆಡುತ್ತಿದ್ದದ್ದು ಮೂರೆಲೆ. ಮೂರೂ ಎಲೆ ಒಂದೇ ಬಂದರೆ ಎಲ್ಲಕ್ಕಿಂತ ದೊಡ್ಡದು, ಮೂರು ಎಕ್ಕಕ್ಕಂತೂ ಎದುರೇ ಇಲ್ಲ. ಎರಡು ಒಂದೇ ಬಂದರೆ ಜೋಡಿ, ಅದರಲ್ಲಿ ದೊಡ್ಡ ಅಂಕಿಯದೇ ಮೇಲು. ಕಲಿಸಿದವರು ಅಜ್ಜಂಪುರದ ಸೋದರಮಾವ. "ಸಣ್ಣ ಜೋಡಿ ಬಂದಾಗ ಜಂಬ ಮಾಡ್ಬೇಡ. ತುಂಬ ಜನ ಇದ್ರೆ ಕೆಳಗಿಟ್ಬಿಡು. ಒಬ್ನೇ ಉಳಿದ್ರೆ ಎಲೆ ತೋರ್ಸು ಅಂತ ಕೇಳ್ಬಿಡು. ಸುಮ್ನೆ ಎಳೀತಾ ಕೂರೋದಲ್ಲ ಕಣೋ," ಎಂದು ತಲೆಗೆ ಮೊಟಕಿ ಹೇಳಿಕೊಟ್ಟಿದ್ದರು.

ಕೊನೆಯ ಆಟದಲ್ಲಿ ನನಗೆ ಬಂದದ್ದು ಮೂರರ ಜೋಡಿ, ಜೊತೆಗೊಂದು ಎಂಟು. ಅಪ್ಪ, ಹಬ್ಬಕ್ಕೆ ಬಂದಿದ್ದ ಮಾವ ಇಬ್ಬರೂ ಎಲೆ ಮಡಚಿಟ್ಟರು. ಉಳಿದದ್ದು ಅಣ್ಣ, ನಾನು. ಆಗಲೇ ತೋರಿಸು ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಮಾವ ನೋಡುತ್ತಿದ್ದಾರಲ್ಲ, ನನ್ನ ಗುಂಡಿಗೆ ತೋರಿಸಬೇಕಲ್ಲ! ಮುಂದಿದ್ದ ಬೀಜದ ರಾಶಿಯನ್ನೆಲ್ಲ ಒಂದೇ ಸಲ ನೂಕಿಬಿಟ್ಟೆ. ಬೆಳಗಿನ ಮಾತು ಮರೆತಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು, ಚೆನ್ನಾಗಿಯೇ ನೆನಪಿತ್ತು. ಅಣ್ಣ ನನ್ನ ಮುಖವನ್ನೇ ನೋಡಿ ನೋಡಿ ಕೊನೆಗೆ ಆಟ ಬಿಟ್ಟುಕೊಟ್ಟು ಎಲೆ ಅಂಗಾತ ಹಾಕಿದ. ಹತ್ತರ ಜೋಡಿ.

"ನಿನ್ ಹತ್ರ ಏನಿತ್ತೋ?"

"ಮೂರು ಎಕ್ಕ," ಅಂದೆ, ನನ್ನ ಎಲೆಗಳನ್ನು ಕಟ್ಟಿನೊಳಗೆ ತುರುಕುತ್ತಾ.

ಮಾವ ಭೇಷ್ ಅಂದರು. ನಾನು ಹಲ್ಲು ಕಿರಿದೆ, ಅಯೋಗ್ಯ. ಆ ವಾರವೇ 'ಈ ವರ್ಷ ಆಗುವುದಿಲ್ಲ' ಎಂದು ತರೀಕೆರೆಗೆ ಕಾಗದ ಹೋಯಿತು. ಅವರಾದರೂ ಎಷ್ಟು ದಿನ ಕಾಯುತ್ತಾರೆ? ಹೆಣ್ಣನ್ನು ಬೇರೆ ಕಡೆ ಕೊಟ್ಟರು. ಆಮೇಲೆ ಅಣ್ಣ ಯಾವ ಸಂಬಂಧಕ್ಕೂ ಒಪ್ಪಲಿಲ್ಲ. ನನ್ನ ಮದುವೆಯಾಯಿತು, ಮಕ್ಕಳಾದವು. ಅವನ್ನು ಹೆಗಲ ಮೇಲೆ ಕೂರಿಸಿಕೊಂಡು, "ನನ್ ಹಣೇಲಿ ಬರ್ದಿರ್ಲಿಲ್ಲ ಬಿಡೋ. ಮೂರು ಎಕ್ಕದ ಮುಂದೆ ಯಾರು ನಿಲ್ತಾರೆ?" ಎಂದು ನಗುತ್ತಿದ್ದ. ಪ್ರತಿ ಸಲವೂ ನಾನು ಏನಾದರೂ ನೆವ ಹೇಳಿ ಅಲ್ಲಿಂದ ಎದ್ದು ಹೋಗುತ್ತಿದ್ದೆ.

ಹತ್ತು ವರ್ಷ ಕಳೆದ ಮೇಲೆ ಮಾವನ ತಿಥಿ ಮುಗಿಸಿಕೊಂಡು ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಬ್ಬರೇ ಕೂತಿದ್ದೆವು. ಇನ್ನು ತಡೆಯಲಾಗಲಿಲ್ಲ. "ಅಣ್ಣ, ಆವತ್ತು ನನ್ ಹತ್ರ ಇದ್ದಿದ್ದು ಬರೀ ಮೂರರ ಜೋಡಿ," ಎಂದುಬಿಟ್ಟೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆದರೆ ಸಾಕು ಅನ್ನಿಸಿತ್ತು.

ಅವನು ನನ್ನ ಕಡೆ ತಿರುಗಿದ. "ಅಂದ್ರೆ, ಹತ್ತರ ಜೋಡಿ ಇಟ್ಕೊಂಡು ನಾನು ಮೂರಕ್ಕೆ ಹೆದರ್ಬಿಟ್ನೇನೋ?"

ಅಲ್ಲಿಯವರೆಗೆ ಅವನು ಹಣೆಬರಹವನ್ನು ದೂರಿಕೊಂಡು ನೆಮ್ಮದಿಯಾಗಿದ್ದ. ಈಗ ದೂರಲು ತಾನೊಬ್ಬನೇ ಉಳಿದ. ನನ್ನ ಎದೆ ಹಗುರವಾಗಲೆಂದು ನಾನು ಮಾಡಿದ್ದು ಇಷ್ಟು.

ರೈಲು ಬಂದು ನಿಂತಾಗ ಅವನ ತೋಳು ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡು, "ಹೇಳ್ದೆ ಇದ್ದಿದ್ರೆ ನಿಂಗೇನಾಗ್ತಿತ್ತೋ?" ಅಂದ.