ಪೋಷಕರ ಸಹಿ

ಮಗಳ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವನ್ನು ಕಳೆದ ವರ್ಷ ನಾನೇ ಬಿಚ್ಚಿ ತೆಗೆದೆ. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿಲ್ಲದ ಕೈ, ನಾಲ್ಕು ಸ್ಕ್ರೂಗಳಿಗೆ ಅರ್ಧ ಗಂಟೆ ಹಿಡಿಯಿತು. ಸದ್ಯಕ್ಕೆ ಚಿಲಕ ಬೇಡ ಎಂದು ಡಾಕ್ಟರು ಹೇಳಿದ್ದರು. ಸಿಂಚನಾ ಮಂಚದ ಮೇಲೆ ಕುಳಿತು ನೋಡುತ್ತಿದ್ದಳು. ಬೇಡ ಅನ್ನಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಹದಿಮೂರು ವರ್ಷದ ಹುಡುಗಿ ತನ್ನ ಬಾಗಿಲಿನ ಚಿಲಕ ಹೋಗುವುದನ್ನು ಅಷ್ಟು ನಿರ್ಲಿಪ್ತಳಾಗಿ ನೋಡುವುದುಂಟೆ? ನಿಮ್ಮ ಮನೆಯಲ್ಲೂ ಆ ವಯಸ್ಸಿನ ಮಕ್ಕಳಿದ್ದರೆ ನನ್ನ ದಿಗಿಲನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಸಿಂಗಸಂದ್ರ. ನನ್ನ ಯಜಮಾನರ ಮನೆತನ ಇದೇ ಊರಿನದು. ಅವರ ತಂದೆ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ನಮ್ಮ ಮನೆಯಿದೆ, ಮೇಲಿನ ಮಹಡಿಗಳಲ್ಲಿ ಬಾಡಿಗೆಯವರಿದ್ದಾರೆ. ನಾನು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆಯ ಪೊಟ್ಟಣಗಳ ಮೇಲೆ ಅಕ್ಷರಗಳು ಸರಿಯಾಗಿ ಮೂಡಿವೆಯೇ ಎಂದು ತಪಾಸಣೆ ಮಾಡುವವಳು. ಸಾಲುಸಾಲಾಗಿ ಸರಿದುಹೋಗುವ ಪೊಟ್ಟಣಗಳಲ್ಲಿ ಮಸುಕಾದ ಒಂದೇ ಒಂದು ಅಕ್ಷರವನ್ನು ಹಿಡಿದು ನಿಲ್ಲಿಸುವ ಈ ಕಣ್ಣಿಗೆ, ಒಂದೇ ಸೂರಿನಡಿ ಮಗಳು ದಿನೇದಿನೇ ಮಸುಕಾಗುತ್ತಿದ್ದದ್ದು ಕಾಣಲಿಲ್ಲ.

ಮೊದಲು ಊಟ ಕಡಿಮೆಯಾಯಿತು, ಆಮೇಲೆ ಗೆಳತಿಯರು, ಕೊನೆಗೆ ಶಾಲೆ. ಯೂನಿಫಾರಂ ಹಾಕಿಕೊಂಡು ಬೂಟಿನ ಲೇಸು ಕೈಯಲ್ಲಿ ಹಿಡಿದು ಕೂತವಳು ಏಳುತ್ತಲೇ ಇರಲಿಲ್ಲ. ಹೊಟ್ಟೆನೋವು ಅನ್ನುತ್ತಿದ್ದಳು. ನಮ್ಮತ್ತೆ ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ನಾನು ಓದಲು ಸೋಮಾರಿತನವೆಂದು ಗದರಿದೆ. ಒಂದು ಬೆಳಿಗ್ಗೆ ಜಡೆ ಹಾಕುತ್ತಿದ್ದಾಗ ಅವಳು ನನ್ನ ಕಡೆ ತಿರುಗದೆಯೇ ಹೇಳಿದಳು: “ಬೆಳಗಾಗೋದೇ ಬೇಡ ಅನ್ಸತ್ತಮ್ಮ.”

ಅಂದೇ ಆಸ್ಪತ್ರೆಗೆ ಓಡಿದೆವು. ಮಕ್ಕಳ ಮನಸ್ಸು ನೋಡುವ ಡಾಕ್ಟರು ಇಡೀ ಆಸ್ಪತ್ರೆಗೆ ಒಬ್ಬರೇ ಇದ್ದರು, ಅವರ ಭೇಟಿಗೆ ಸಿಕ್ಕ ಅತಿ ಹತ್ತಿರದ ದಿನವೂ ವಾರಗಳಾಚೆ ಇತ್ತು. ಕನ್ನಡದಲ್ಲಿ ಕಾಯುವುದು ಎಂದರೆ ರಕ್ಷಿಸುವುದು, ಕಾಯುವುದು ಎಂದರೆ ದಾರಿ ನೋಡುತ್ತ ಕೂರುವುದು. ಆ ವಾರಗಳಲ್ಲಿ ನಾನು ಎರಡನ್ನೂ ಒಟ್ಟಿಗೆ ಮಾಡಿದೆ. ಕಾರ್ಖಾನೆಗೆ ರಜೆ ಹಾಕಿ ಅವಳ ಉಸಿರನ್ನು ಕಾದೆ. ಮೊಬೈಲು ಸದ್ದು ಮಾಡಿದಾಗೆಲ್ಲ ಆಸ್ಪತ್ರೆಯದೇ ಕರೆಯೆಂದು ಎದ್ದು ಓಡಿದೆ. ಕೊನೆಗೆ ಡಾಕ್ಟರು ಸಿಕ್ಕರು, ಮಾತ್ರೆ ಕೊಟ್ಟರು, ಮಾತನಾಡಿಸಿದರು. ಮಗಳು ಅರ್ಧ ದಿನ ಶಾಲೆಗೆ ಹೋಗುವಷ್ಟಾದಳು. ಆದರೆ ನೆಂಟರಿಷ್ಟರಿಗೆ, ಬಾಡಿಗೆಯವರಿಗೆ, ಶಾಲೆಯ ಗೇಟಿನ ಬಳಿ ನಿಲ್ಲುವ ತಾಯಂದಿರಿಗೆ ಅದು ಹೇಗೋ ಗೊತ್ತಾಗಿ, ನನ್ನನ್ನು ಕಂಡರೆ ಮಾತು ನಿಲ್ಲಿಸತೊಡಗಿದರು.

ಇಷ್ಟರಲ್ಲಿ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ರಾಜ್ಯದಲ್ಲಿ ಒಂದು ಕಾಯಿದೆ ಬರಲಿದೆಯೆಂದು ಕರಡು ಮಸೂದೆಯ ಪ್ರತಿಯೊಂದು ಪೋಷಕರ ವಾಟ್ಸಾಪ್ ಗುಂಪಿಗೆ ಬಂತು. ಆಕ್ಷೇಪಣೆ, ಸಲಹೆಗಳಿದ್ದರೆ ಬರೆದು ತಂದು ಸರ್ಕಾರ ಕರೆಯುವ ಸಾರ್ವಜನಿಕ ಸಭೆಯಲ್ಲಿ ಓದಬಹುದಂತೆ. ಪ್ರತಿ ಶಾಲೆಗೂ ಆಪ್ತಸಮಾಲೋಚಕರು, ಗೊತ್ತುಪಡಿಸಿದ ದಿನಗಳೊಳಗೆ ಡಾಕ್ಟರ ಭೇಟಿ ಎಂದೆಲ್ಲ ಓದುತ್ತ ಕಣ್ಣು ತುಂಬಿ ಬಂತು. ಒಂದು ಕಲಮಿನ ಮುಂದೆ ಮಾತ್ರ ನಿಂತುಬಿಟ್ಟೆ. ಮೊದಲ ಕೆಲವು ಭೇಟಿಗಳಲ್ಲಿ ಮಗು ಪೋಷಕರ ಒಪ್ಪಿಗೆಯಿಲ್ಲದೆಯೂ ಶಾಲೆಯ ಆಪ್ತಸಮಾಲೋಚಕರೊಡನೆ ಮಾತನಾಡಬಹುದು ಎಂದಿತ್ತು. ಹೆತ್ತವರಿಗೆ ಗೊತ್ತಿಲ್ಲದಂತೆಯೇ? ಹೊರಗಿನವರ ಬಾಯಿಗೆ ಬಿದ್ದು ಬೆಂದಿದ್ದ ನನಗೆ ರೇಗಿತು. ಪೋಷಕರ ಲಿಖಿತ ಸಹಿ ಇಲ್ಲದೆ ಯಾರೂ ಮಗುವನ್ನು ಮಾತನಾಡಿಸಕೂಡದು ಎಂದು ಎರಡು ಪುಟ ಬರೆದೆ. ನಮ್ಮ ಮಗಳಿಗೆ ಆದದ್ದನ್ನೂ ಸೇರಿಸಿದೆ. ಅವಳ ಕಥೆಯನ್ನು ಅವಳಿಗೆ ತೋರಿಸದೆ ಓದುವುದು ತಪ್ಪೆನಿಸಿ, ಊಟದ ಮೇಜಿನ ಮೇಲಿಟ್ಟು ಓದಲು ಹೇಳಿದೆ.

ನಿಧಾನವಾಗಿ ಓದಿದಳು. ಪುಟ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು. ಆಮೇಲೆ ನನಗೆ ಗೊತ್ತಿರದ ಒಂದು ಸಂಗತಿ ಹೇಳಿದಳು. ಅವರ ಶಾಲೆಗೆ ಪ್ರತಿ ಗುರುವಾರ ಒಬ್ಬ ಆಪ್ತಸಮಾಲೋಚಕಿ ಬರುತ್ತಿದ್ದರು. ಎಲ್ಲ ಶುರುವಾಗುವ ಮೊದಲೇ, ಹೊಟ್ಟೆನೋವಿಗೂ ಮೊದಲೇ ಇವಳು ಅವರ ಬಾಗಿಲು ತಟ್ಟಿದ್ದಳಂತೆ. ಮನೆಯಿಂದ ಸಹಿ ಹಾಕಿಸಿಕೊಂಡು ಬಾ, ಶಾಲೆಯ ನಿಯಮ, ಎಂದು ಅವರೊಂದು ಹಾಳೆ ಕೊಟ್ಟಿದ್ದರಂತೆ.

“ಆ ಫಾರ್ಮು ಏಳು ತಿಂಗಳು ನನ್ ಬ್ಯಾಗಲ್ಲೇ ಇತ್ತಮ್ಮ.”

ನನಗೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ.

“ನೀನು ಯಾಕೆ ಅಂತ ಕೇಳ್ತಿದ್ದೆ. ಯಾಕೆ ಅಂತ ನಂಗೇ ಗೊತ್ತಿದ್ದಿದ್ರೆ ಅವರ ಹತ್ರ ಯಾಕೆ ಹೋಗ್ತಿದ್ದೆ?”

ಏಳು ತಿಂಗಳು. ಅವಳ ಡಬ್ಬಿ ತೆಗೆಯಲು, ಪುಸ್ತಕ ಜೋಡಿಸಲು ಆ ಬ್ಯಾಗಿಗೆ ನಾನು ದಿನವೂ ಕೈ ಹಾಕಿದ್ದೇನೆ. ನಾನು ಸಹಿ ಹಾಕದ ಹಾಳೆಯ ಪಕ್ಕದಲ್ಲೇ ಮಗಳು ಸಹಿಸಿಕೊಂಡು ಕೂತಿದ್ದಳು. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅಂಗಳಕ್ಕೆ ಹೋದೆ, ಬಂದೆ. ನನ್ನ ಮೇಲೇ ಸಿಟ್ಟು ಬಂದಿತ್ತು, ಅವಳ ಮೇಲೂ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಾನು ಅಷ್ಟು ಕಠಿಣಳೇ, ನನಗೊಂದು ಹಾಳೆ ಕೊಡಲಾಗದಷ್ಟು? ಹಾಗಾದರೆ ಬರೆದದ್ದನ್ನು ಹರಿದುಹಾಕಲೇ ಎಂದು ಬಾಗಿಲಲ್ಲಿ ನಿಂತು ಕೇಳಿದಾಗ ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಸಭೆಗೆ ಹೋಗು, ಆದರೆ ಫಾರ್ಮಿನ ವಿಷಯ ಹೇಳು, ನನ್ನ ಹೆಸರು ಹೇಳಬೇಡ, ಅಂದಳು. ಇಲ್ಲಿ ಬರೆದಿರುವ ಸಿಂಚನಾ ಎಂಬುದೂ ಅವಳ ನಿಜವಾದ ಹೆಸರಲ್ಲ.

ಸಭೆ ನಡೆದದ್ದು ಹೊಸೂರು ರಸ್ತೆಯ ಬದಿಯ ಸಮುದಾಯ ಭವನವೊಂದರಲ್ಲಿ. ಒಬ್ಬೊಬ್ಬರಿಗೆ ಮೂರು ನಿಮಿಷ. ನನಗಿಂತ ಮುಂಚೆ ಎದ್ದವರೊಬ್ಬರು, ಈ ಕಲಮಿನಿಂದ ಮಕ್ಕಳು ತಂದೆತಾಯಿಯ ಮೇಲೇ ದೂರು ಹೇಳುವುದನ್ನು ಕಲಿಯುತ್ತಾರೆ ಎಂದರು. ಚಪ್ಪಾಳೆ ಬಿತ್ತು. ವಾರದ ಹಿಂದೆಯಾಗಿದ್ದರೆ ನಾನೂ ತಟ್ಟುತ್ತಿದ್ದೆ. ನನ್ನ ಸರದಿ ಬಂದಾಗ ಎರಡು ಪುಟಗಳನ್ನು ಮಡಚಿ ಚೀಲಕ್ಕೆ ಹಾಕಿ, ಹೆಸರಿಲ್ಲದ ಒಂದು ಮಗುವಿನ ಬ್ಯಾಗಿನಲ್ಲಿ ಏಳು ತಿಂಗಳಿದ್ದ ಹಾಳೆಯ ಬಗ್ಗೆ ಹೇಳಿದೆ. ಮೇಜಿನಾಚೆ ಕುಳಿತಿದ್ದ ಅಧಿಕಾರಿ ಕನ್ನಡಕ ತೆಗೆದು, ಒಬ್ಬ ತಾಯಿಯಾಗಿ ಈ ಕಲಮಿಗೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದರು.

“ಮನಸಾರೆ ಒಪ್ಪಿಗೆ ಅಂತ ಹೇಳೋಕಾಗಲ್ಲ ಮೇಡಂ, ಭಯ ಆಗತ್ತೆ,” ಅಂದೆ. “ಆದ್ರೂ ಕಲಮು ಇರ್ಲಿ. ಹಂಗೇ ಬರ್ಕೊಳ್ಳಿ.”

ಅವರು ಬರೆದುಕೊಂಡರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಸೂದೆ ಇನ್ನೂ ಸದನಕ್ಕೆ ಬಂದಿಲ್ಲ. ಆ ಕಲಮು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಉಳಿದರೆ ಇನ್ನಾವುದೋ ತಾಯಿ ಬೆಂದು ಎರಡು ಪುಟ ಬರೆದಾಳು, ಅವಳ ಸಿಟ್ಟೂ ನನಗೆ ಅರ್ಥವಾಗುತ್ತದೆ. ಮಕ್ಕಳನ್ನು ನಮ್ಮಿಂದಲೂ ಕಾಯಬೇಕಾದೀತು ಎಂದು ಒಂದು ಕಾಯಿದೆ ಹೇಳಿದಾಗ ಎದೆಯಲ್ಲಿ ಏಳುವ ಉರಿ ಸುಲಭಕ್ಕೆ ಆರುವಂಥದ್ದಲ್ಲ. ನನ್ನದಿನ್ನೂ ಆರಿಲ್ಲ.

ಸಿಂಚನಾ ಈಗ ಪ್ರತಿ ಗುರುವಾರ ಆ ಆಪ್ತಸಮಾಲೋಚಕಿಯ ಬಳಿ ಹೋಗುತ್ತಾಳೆ. ನಿಯಮ ಹಾಗೇ ಇರುವುದರಿಂದ ಸಹಿ ಹಾಕಿದವಳು ನಾನೇ. ಬೆಳಗಿನ ಪಾಳಿ ಮುಗಿಸಿ ಶಾಲೆಯ ಬಸ್ಸು ನಿಲ್ಲುವಲ್ಲಿ ನಿಂತಾಗ, ಏನು ಕೇಳಿದರು, ಏನು ಹೇಳಿದೆ, ನನ್ನ ಬಗ್ಗೆ ಏನು ಹೇಳಿದೆ ಎಂಬ ಪ್ರಶ್ನೆಗಳು ನಾಲಿಗೆಯ ತುದಿಗೆ ಬಂದು ನಿಂತಿರುತ್ತವೆ. ಹೋದ ಗುರುವಾರ ಅವಳು ಇಳಿದವಳೇ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಸ್ವಲ್ಪ ದೂರ ನಡೆದ ಮೇಲೆ ತಾನಾಗಿಯೇ ಹೇಳಿದಳು.

“ಇವತ್ತೇನೂ ಮಾತಾಡ್ಲಿಲ್ಲಮ್ಮ. ಸುಮ್ನೆ ಕೂತಿದ್ವಿ.”

ಅಷ್ಟು ಹೊತ್ತು ಸುಮ್ಮನೆ ಯಾಕೆ ಕೂತಿದ್ದಿರಿ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿದೆ. ಮನೆಯವರೆಗೂ ನಾವಿಬ್ಬರೂ ಸುಮ್ಮನೆ ನಡೆದೆವು.