ಜೇಬು ಸೇರಿದ ಕೈ

ಕಟಿಂಗ್ ಅಂಗಡಿಯ ಕತ್ತರಿ ಮಾಮನ ಬಾಯಿ ಅವನ ಕತ್ತರಿಗಿಂತ ಹರಿತ ಎಂದು ಬೀದಿಯವರು ಹೇಳುತ್ತಿದ್ದರು. ಅಂಥವನ ಬಾಯಿಗೆ ಈಗ ಬೀಗ ಬಿದ್ದಿತ್ತು, ಬಲಗೈ ಪ್ಯಾಂಟಿನ ಜೇಬು ಸೇರಿತ್ತು.

ಆ ಕೈಗೆ ನಡುಕ ಹತ್ತಿ ವರ್ಷವಾಗಿತ್ತು. ಗಿರಾಕಿಯೊಬ್ಬರ ಕಿವಿ ಕೊಯ್ದ ದಿನವೇ ಹೆಂಡತಿ ಕ್ಷೌರದ ಕತ್ತಿಯನ್ನು ಪೆಟ್ಟಿಗೆಗೆ ಹಾಕಿಟ್ಟಳು. ಅಂಗಡಿ ತಮ್ಮನ ಕೈಗೆ ಹೋಯಿತು, ಮಾಮ ಮೂಲೆಯಲ್ಲಿ ಟವೆಲ್ ಮಡಿಸುತ್ತ ಕುಳಿತ. ಪ್ರಾರ್ಥನೆ ಮಾಡಿದ, ಉಪವಾಸ ಮಾಡಿದ, ಡಾಕ್ಟರು ಕೊಟ್ಟ ಹೊಸ ಮಾತ್ರೆಯನ್ನೂ ನುಂಗಿದ. ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡುತ್ತಾನೆ, ಕೈ ಅಲುಗುತ್ತಿಲ್ಲ.

ಎರಡು ದಿನ ತಡೆಯಬಾರದಿತ್ತೆ? ಇವನಿಗೆಲ್ಲಿಯ ತಾಳ್ಮೆ! ಅವತ್ತೇ ಚರ್ಚಿನಲ್ಲಿ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿಬಿಟ್ಟ. ಕೈ ಮೇಲೆತ್ತಿ, "ಪ್ರಭು ಮುಟ್ಟಿದ ಕೈ ಇದು. ಇನ್ನು ನಡುಗಲ್ಲ" ಎಂದ. ಮಾತ್ರೆಯ ಸುದ್ದಿ ಎತ್ತಲೇ ಇಲ್ಲ. ಮುದುಕಿಯರು ಅತ್ತರು, ಪಾದ್ರಿ ಅಪ್ಪಿಕೊಂಡರು. ಬುಧವಾರದ ಹೊತ್ತಿಗೆ ಚಹಾದ ಕಪ್ಪು ಸಾಸರಿನ ಮೇಲೆ ಮತ್ತೆ ತಾಳ ಹಾಕತೊಡಗಿತು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಂದಿನಿಂದ ಕೈ ಜೇಬಿನಲ್ಲಿ. ಚರ್ಚಿನಲ್ಲಿ ಹಾಡಿನ ಪುಸ್ತಕ ಎಡಗೈಯಲ್ಲಿ. ಕೈಕುಲುಕಲು ಬಂದವರಿಗೆ ನೆಗಡಿ ಎಂಬ ನೆಪ.

"ಎಷ್ಟು ದಿನ ಅಂತ ನೆಗಡಿ?" ಎಂದು ಹೆಂಡತಿ ಕೇಳಿದಳು.

"ನಿಜ ಹೇಳಿದ್ರೆ ದೇವರಿಗೇ ಕೆಟ್ಟ ಹೆಸರು ಕಣೆ."

"ದೇವರ ಹೆಸರು ದೇವರು ನೋಡ್ಕೋತಾನೆ. ನೀವು ನಿಮ್ಮದು ನೋಡ್ಕೊಳ್ಳಿ."

ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಸುಳ್ಳಾಡಿದ್ದು ಒಂದು ನಾಚಿಕೆ. ವಾಸಿಯಾಗದೆ ಹೋದದ್ದು ಅದಕ್ಕಿಂತ ದೊಡ್ಡದು, ದೇವರೇ ತನ್ನನ್ನು ಒಲ್ಲೆ ಎಂದ ಹಾಗೆ.

ಹೀಗಿರುವಾಗ, ಅದೇ ಚರ್ಚಿಗೆ ಬರುವ ಇಸ್ತ್ರಿ ಅಂಗಡಿಯವಳು ಬಾಗಿಲಿಗೆ ಬಂದಳು. ಅವಳ ಗಂಡ ಗಾರೆ ಕೆಲಸದವನು. ಕಟ್ಟಡದ ಮೇಲಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ.

"ಅಣ್ಣಾ, ಪ್ರಭು ಮುಟ್ಟಿದ ಆ ಕೈನ ಒಂದ್ಸಲ ಅವರ ಮೇಲೆ ಇಡಿ, ಸಾಕು" ಎಂದು ಗೋಗರೆದಳು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಮಾಮನಿಗೆ. ಆದರೂ ಚಪ್ಪಲಿ ಮೆಟ್ಟಿ ಅವಳ ಹಿಂದೆಯೇ ಹೋದ.

ಒಂದೇ ಕೋಣೆಯ ಮನೆ. ಇಸ್ತ್ರಿ ಬಟ್ಟೆಯ ಬಿಸಿ ವಾಸನೆ, ಅದರ ಜೊತೆಗೆ ಮುಲಾಮಿನ ವಾಸನೆ. ಮಂಚದ ಮೇಲಿದ್ದವನು ನಕ್ಕ. "ಬನ್ನಿ ಮಾಮ. ನಾನೇ ಬಂದುಬಿಡ್ತಿದ್ದೆ, ಕಾಲು ರಜೆ ಹಾಕಿದೆ."

ಮಾಮ ಎಡಗೈ ಚಾಚಿದ. "ಅದಲ್ಲ ಅಣ್ಣಾ, ಆ ಕೈ" ಎಂದಳು ಇಸ್ತ್ರಿಯವಳು. ವಿಧಿಯಿಲ್ಲದೆ ಬಲಗೈ ಹೊರಬಂತು. ಎದೆಯ ಮೇಲಿಟ್ಟರೆ ಅಂಗಿಯ ಗುಂಡಿಯನ್ನು ಟಕಟಕ ಕುಟ್ಟಿತು. ಅವಳ ಮುಖ ಕಪ್ಪಿಟ್ಟಿತು. ಇಸ್ತ್ರಿ ಮೇಜಿನ ಕಡೆ ತಿರುಗಿ ನಿಂತಳು. ಬೈದಿದ್ದರೆ ಎಷ್ಟೋ ಮೇಲಿತ್ತು.

"ವಾಸಿ ಆಗಿಲ್ಲ ತಮ್ಮಾ" ಎಂದ ಮಾಮ. "ಅವಸರಕ್ಕೆ ಬಿದ್ದು ಹೇಳಿದೆ, ಆಮೇಲೆ ಮುಚ್ಚಿಟ್ಟೆ. ನಿಮ್ಮ ಮುಖ ನೋಡೋಕೂ ನಾಚಿಕೆ ಆಗ್ತಿದೆ." ಕೈ ಹಿಂದಕ್ಕೆಳೆದುಕೊಳ್ಳಲು ಹೋದ.

ಮಲಗಿದ್ದವನು ಬಿಡಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡ. "ಇರ್ಲಿ ಬಿಡಿ. ಗಟ್ಟಿ ಕೈಯವರು ಬೇಕಾದಷ್ಟು ಜನ ಬಂದ್ರು. ಪ್ರಾರ್ಥನೆ ಮಾಡಿದ್ರು, ನಾನು ಏಳಲಿಲ್ಲ ಅಂತ ಬೇಜಾರಾಗಿ ಹೋದ್ರು. ನಾನೂ ದೇವರ ಹತ್ರ ದಿನಾ ಜಗಳ ಆಡ್ತಿದ್ದೆ. ಆಮೇಲೊಂದಿನ ತಲೆಗೆ ಹೊಳೀತು. ಪ್ರಭು ಸಮಾಧಿಯಿಂದ ಎದ್ದು ಬಂದಾಗಲೂ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತಲ್ಲ ಮಾಮ. ಸಾವನ್ನೇ ಗೆದ್ದೋನಿಗೆ ಎರಡು ತೂತು ಮುಚ್ಚೋದು ಕಷ್ಟಾನಾ? ಮುಚ್ಚಲಿಲ್ಲ. ಗೆಳೆಯರಿಗೆ ತೋರಿಸಿದ. ಅದು ಹೊಳೆದ ಮೇಲೆ ಕಾಯೋದು ಸ್ವಲ್ಪ ಸುಲಭ ಆಯ್ತು."

ಅವತ್ತು ಪ್ರಾರ್ಥನೆ ಮಾಡಿದವನು ಮಲಗಿದ್ದವನೇ. ಮಾಮ ಅಳುತ್ತ ಆಮೆನ್ ಎಂದ.

ಮುಂದಿನ ಭಾನುವಾರ ಸಾಕ್ಷಿಯ ಹೊತ್ತಿಗೆ ಮಾಮ ಎದ್ದು ನಿಂತ. ಕಿವಿಯವರೆಗೂ ಮುಖ ಉರಿಯುತ್ತಿತ್ತು. ಇಸ್ತ್ರಿ ಅಂಗಡಿಯವಳು ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಅವನು ಜೇಬಿನಿಂದ ಕೈ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅದು ಇನ್ನಿಲ್ಲದಂತೆ ನಡುಗಿತು.

"ವಾಸಿ ಆಗಿಲ್ಲ. ಅವತ್ತು ಹೇಳಿದ್ದು ತಪ್ಪು" ಎಂದ. "ಕಾಯ್ತಾ ಇದ್ದೀನಿ."

ಇಸ್ತ್ರಿ ಅಂಗಡಿಯವಳು ತಲೆ ಎತ್ತಿದಳು.